ಡೇರೆ ಮಾರುವ ಮುನ್ನ

ಈ ಸಂಚಿಕೆಯ ಸಂಪಾದಕೀಯವನ್ನು ಕಲಬುರಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಹೋಳಿ ಹುಣ್ಣಿಮೆಯ ಐದನೆಯ ದಿನ ಶರಣಬಸವೇಶ್ವರರ ತೇರು ಎಳೆದದ್ದಾಯಿತು. ಜಾತ್ರೆಯ ಅಂಗಡಿಗಳು ಇನ್ನೂ ಎದ್ದಿಲ್ಲ. ಬಿಸಿಲು ಈಗಲೇ ನೆತ್ತಿ ಸುಡುತ್ತಿದೆ. ಅವ್ವ ಒಗೆದು ಹಾಕಿದ ದಪ್ಪ ಜಮಖಾನೆ ಊಟ ಮುಗಿಯುವಷ್ಟರಲ್ಲಿ ಗರಿಗರಿಯಾಗಿ ಒಣಗಿತ್ತು. ಅದನ್ನು ಮಡಚುವಾಗ ಇಂಗ್ಲೆಂಡಿನಲ್ಲಿ ನಮ್ಮ ಸಂಘದ ಸಾಮಾನು ಕೋಣೆಯಲ್ಲಿ ಸುತ್ತಿಟ್ಟ ಕ್ಯಾನ್ವಾಸ್ ಡೇರೆ ನೆನಪಾಯಿತು.

ಅದನ್ನು ಮಾರಿಬಿಡುವ ಮಾತು ಮುಂದಿನ ಸಭೆಗೆ ಬರಲಿದೆ. ದೂರುಗಳೆಲ್ಲ ನಿಜವೇ. ಐದು ಮೀಟರ್ ಅಗಲದ ದುಂಡು ಡೇರೆ. ಕಂಬ, ಗೂಟ, ನೆಲಹಾಸು ಎಲ್ಲ ಸೇರಿದರೆ 30 ಕಿಲೋ ದಾಟುತ್ತದೆ. ಅದೊಂದನ್ನು ಇಟ್ಟರೆ ಕಾರಿನ ಡಿಕ್ಕಿಯಲ್ಲಿ ಬೇರೇನೂ ಹಿಡಿಯುವುದಿಲ್ಲ. ಆದರೂ ಮಾರಬೇಡಿ ಎಂದು ಕೇಳಿಕೊಳ್ಳಲು ಈ ಪುಟವನ್ನು ಬಳಸುತ್ತಿದ್ದೇನೆ.

ಕಾರಣ ನಮ್ಮ ತಾಯಂದಿರು. ಆರು ತಿಂಗಳ ವೀಸಾದಲ್ಲಿ ಬರುವ ಹಿರಿಯರನ್ನು ಬೇಸಿಗೆಯ ಶಿಬಿರಕ್ಕೆ ಕರೆದೊಯ್ಯುತ್ತೇವೆ. ನೈಲಾನಿನ ಸಣ್ಣ ಟೆಂಟಿನೊಳಗೆ ಮಂಡಿನೋವಿನವರು ಅಂಬೆಗಾಲಿಟ್ಟು ನುಗ್ಗಲಾರರು. ಕ್ಯಾನ್ವಾಸ್ ಡೇರೆಯ ನಡುವೆ ಎಂಥ ಎತ್ತರದವರೂ ನೆಟ್ಟಗೆ ನಿಲ್ಲಬಹುದು. ಒಳಗೆ ಹತ್ತಿರ ಹತ್ತಿರ 20 ಚದರ ಮೀಟರ್ ಜಾಗ. ಎರಡು ವರ್ಷದ ಹಿಂದೆ ನನ್ನ ಅವ್ವ ಅಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಶೇಂಗಾ ಸುಲಿದಳು, ಸುತ್ತ ಎಂಟು ಮಕ್ಕಳನ್ನು ಕೂರಿಸಿಕೊಂಡು ಕತೆ ಹೇಳಿದಳು. ಹೊರಗೆ ಮಳೆ ಸುರಿಯುತ್ತಿತ್ತು. ಪಕ್ಕದ ನೈಲಾನ್ ಟೆಂಟುಗಳಲ್ಲಿ ಮಲಗಿದವರ ಉಸಿರೇ ರಾತ್ರಿಯೆಲ್ಲ ಹನಿಯಾಗಿ ಅವರ ಮೇಲೆ ಉದುರಿತು. ಹತ್ತಿಯ ಬಟ್ಟೆ ಆವಿಯನ್ನು ಹೊರಗೆ ಬಿಡುತ್ತದೆ. ಡೇರೆಯಲ್ಲಿದ್ದ ನಮ್ಮ ಹೊದಿಕೆಗಳು ಬೆಳಿಗ್ಗೆ ಒಣಗಿಯೇ ಇದ್ದವು.

ಅದೇ ಡೇರೆಗೆ ಕಳೆದ ಆಗಸ್ಟಿನಲ್ಲಿ ನಾವು ಅನ್ಯಾಯ ಮಾಡಿದೆವು. ಭಾನುವಾರ ಬೆಳಿಗ್ಗೆ ಇಬ್ಬನಿ ಆರುವ ಮುಂಚೆಯೇ ಬಿಚ್ಚಿದೆವು, ಸೋಮವಾರದ ಕೆಲಸದ ಅವಸರದಲ್ಲಿ ಹಸಿಯಾಗಿಯೇ ಸುತ್ತಿ ಚೀಲಕ್ಕೆ ತುರುಕಿದೆವು. ಮೂರು ವಾರ ಬಿಟ್ಟು ತೆಗೆದಾಗ ಒಂದು ಬದಿಯ ತುಂಬ ಬೂಷ್ಟಿನ ಕಪ್ಪು ಚುಕ್ಕೆ. ಆ ವಾಸನೆ ಮರೆಯುವಂಥದ್ದಲ್ಲ.

ಇದನ್ನು ಮೊನ್ನೆ ಎಂ.ಎಸ್.ಕೆ. ಮಿಲ್ ಪ್ರದೇಶದಲ್ಲಿ ತಾಡಪತ್ರಿ ಹೊಲಿಯುವ ಹಿರಿಯರೊಬ್ಬರಿಗೆ ಹೇಳಿದೆ. ನಿಜಾಮರ ಕಾಲದ ಆ ಬಟ್ಟೆ ಗಿರಣಿ ಮುಚ್ಚಿ ಎಷ್ಟೋ ವರ್ಷಗಳಾದರೂ ಬಡಾವಣೆಗೆ ಅದರ ಹೆಸರೇ ಉಳಿದಿದೆ. ಪ್ರಾಯದಲ್ಲಿ ಅವರು ನಾಟಕ ಕಂಪನಿಗಳ ಜೊತೆ ಊರೂರು ತಿರುಗಿ ಡೇರೆ ಹಾಕಿದವರು. "ತಮ್ಮಾ, ನಾವು ಬಿಸಿಲು ಏರಿ ಬಟ್ಟೆ ಒಣಗುವ ತನಕ ಗೂಟಕ್ಕೆ ಕೈ ಹಚ್ಚುತ್ತಿರಲಿಲ್ಲ. ಮುಂದಿನ ಊರಿನಲ್ಲಿ ಆಟ ಒಂದು ದಿನ ತಡವಾದರೂ ಸರಿ" ಎಂದರು. ನಮ್ಮಲ್ಲಿ ಬಿಸಿಲೇ ಬರುವುದಿಲ್ಲ ಕಾಕಾ ಎಂದೆ. "ಹಾಗಾದರೆ ಮನೆಗೆ ಒಯ್ದು ಒಣಗಿಸು. ಅಂಗಳವಿಲ್ಲವೇ, ಮನೆಯೊಳಗೆ ಹರವು."

ಅವರಿಗೆ ಗೊತ್ತಿದ್ದದ್ದು ನನಗೆ ತಡವಾಗಿ ತಿಳಿಯಿತು. ಹತ್ತಿಯ ನೂಲು ನೀರು ಕುಡಿದು ಉಬ್ಬಿದಾಗ ನೇಯ್ಗೆಯ ಸಂದುಗಳು, ಸೂಜಿಯ ತೂತುಗಳು ತಾವೇ ಮುಚ್ಚಿಕೊಳ್ಳುತ್ತವೆ. ಅದಕ್ಕೇ ಹೊಸ ಡೇರೆಯನ್ನು ಮೊದಲು ಚೆನ್ನಾಗಿ ತೋಯಿಸಿ ಪೂರ್ತಿ ಒಣಗಿಸಬೇಕು; ಮೊದಲ ಮಳೆಗೆ ಹೊಲಿಗೆಯ ಸಾಲು ಸೋರಿತೆಂದು ಗಾಬರಿಯಾಗಬೇಕಿಲ್ಲ. ಸೋಪಿನ ಪುಡಿಯನ್ನಂತೂ ಮುಟ್ಟಿಸಬಾರದು, ನೀರು ತಡೆಯುವ ಲೇಪವೇ ತೊಳೆದುಹೋಗುತ್ತದೆ. ನೆನೆದ ಬಟ್ಟೆ ಬಿಗಿಯುತ್ತದೆ, ಹತ್ತಿಯ ಹಗ್ಗವಾದರೆ ಅದೂ ಬಿಗಿಯುತ್ತದೆ. ಮಲಗುವ ಮುಂಚೆ ಒಂದು ಸುತ್ತು ಬಂದು ಹಗ್ಗಗಳನ್ನು ಸ್ವಲ್ಪ ಸಡಿಲಿಸದಿದ್ದರೆ ನಡುರಾತ್ರಿ ಗೂಟ ಕಿತ್ತು ಬರಬಹುದು. ಗೂಟದ ವಿಚಾರದಲ್ಲಿ ಇಲ್ಲಿಯವರ ಪಾಡು ನಮ್ಮದಕ್ಕಿಂತ ಕಷ್ಟ. ಎರೆಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಅಂಟಿನಂತಾಗುತ್ತದೆ. ಕಾಕಾ ಬಳಸುತ್ತಿದ್ದದ್ದು ತೋಳುದ್ದದ ಕಬ್ಬಿಣದ ಗೂಟ, ಅದೂ ಓರೆಯಾಗಿ ಹೊಡೆದದ್ದು. ಇಂಗ್ಲೆಂಡಿನ ಮೆತ್ತನೆಯ ಹುಲ್ಲುನೆಲಕ್ಕೆ ನಾವು ಗೇಣುದ್ದದ ಗೂಟ ತಂದಿದ್ದೇವೆ. ಉದ್ದನೆಯವು ಬೇಕು.

ಇನ್ನೊಂದು ಮಾತನ್ನು ಬಹಳ ಕಳಕಳಿಯಿಂದ ಹೇಳುತ್ತೇನೆ. ಹೊರಗೆ ಜೋಳದ ರೊಟ್ಟಿ ಸುಟ್ಟ ಮೇಲೆ ಉಳಿದ ಕೆಂಡವನ್ನು ಚಳಿಗೆಂದು ಯಾರೂ ಡೇರೆಯೊಳಗೆ ತರಬೇಡಿ. ಆರಿದಂತೆ ಕಾಣುವ ಇದ್ದಿಲಿನಿಂದಲೂ ಕಾರ್ಬನ್ ಮಾನಾಕ್ಸೈಡ್ ಬರುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಗಾಳಿಕಿಂಡಿಯನ್ನು ಯಾವ ಚಳಿಗೂ ಮುಚ್ಚಬೇಡಿ. ಇನ್ನೊಂದು ಕಂಬಳಿ ಹೊದೆಯೋಣ.

ಬೂಷ್ಟಿನ ಕಲೆ ಪೂರ್ತಿ ಹೋಗುವುದಿಲ್ಲ. ಆದರೆ ಬಟ್ಟೆ ಇನ್ನೂ ಗಟ್ಟಿಯಿದೆ, ಎರಡು ಕೈಯಲ್ಲಿ ಹಿಡಿದು ಎಳೆದು ನೋಡಿದ್ದೇನೆ. ಹರಿದಿರುವುದು ಬಾಗಿಲ ಬಳಿಯ ಅಂಚು ಮಾತ್ರ. ಏಪ್ರಿಲ್‌ನಲ್ಲಿ ಮಳೆಯಿಲ್ಲದ ಮೊದಲ ಶನಿವಾರ ಸಭಾಭವನದ ಹಿಂದಿನ ಹುಲ್ಲಿನ ಮೇಲೆ ಅದನ್ನು ಬಿಚ್ಚೋಣ. ಮೆತ್ತನೆಯ ಬ್ರಷ್ಷು, ಬಕೆಟ್ಟು ಇದ್ದವರು ತನ್ನಿ. ಬೂಷ್ಟನ್ನು ಉಜ್ಜಿ ತೆಗೆದು, ಪೂರ್ತಿ ಒಣಗಿಸಿ, ನೀರು ತಡೆಯುವ ಲೇಪವನ್ನು ಮತ್ತೆ ಹಚ್ಚುವುದಕ್ಕೆ ಆರು ಜನರಿದ್ದರೆ ಸಾಕು. ಸಂಜೆಯೊಳಗೆ ಒಣಗದಿದ್ದರೆ ನಮ್ಮ ಮನೆಯ ಹಜಾರದಲ್ಲಿ ಹರವುತ್ತೇನೆ. ಸೋಫಾವನ್ನು ಹೊರಗಿಡಲು ಮನೆಯವರು ಒಪ್ಪಿದ್ದಾರೆ. ಅಂಚು ಹೊಲಿಯಲು ಕಾಕಾ ಎರಡು ದಬ್ಬಣಗಳನ್ನೂ ಮೇಣ ಹಚ್ಚಿದ ದಾರದ ಉಂಡೆಯನ್ನೂ ಕೊಟ್ಟಿದ್ದಾರೆ. ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಅವನ್ನು ದೊಡ್ಡ ಪೆಟ್ಟಿಗೆಯಲ್ಲಿ, ಅವ್ವ ಕಟ್ಟಿಕೊಟ್ಟ ತೊಗರಿಬೇಳೆಯ ಚೀಲದ ಪಕ್ಕದಲ್ಲಿ ಇಟ್ಟಿದ್ದೇನೆ.