ಕೊಠಡಿ ಕೊಡಿ, ಶಾಲೆಯ ಹೆಸರು ಕೊಡಬೇಡಿ: ಶಾಲಾ ಮಂಡಳಿಯ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ನಮ್ಮ ಪ್ರಾಥಮಿಕ ಶಾಲೆಯಲ್ಲಿ ವಾರಕ್ಕೊಂದು ದಿನ, ತರಗತಿಗಳು ಮುಗಿದ ಮೇಲೆ, ಮಕ್ಕಳಿಗೆ ಕ್ರೈಸ್ತ ಧರ್ಮ ಬೋಧಿಸುವ ಗುಡ್ ನ್ಯೂಸ್ ಕ್ಲಬ್ ನಡೆಸಲು ಅನುಮತಿ ಕೋರಿ ಬಂದಿರುವ ಅರ್ಜಿಯನ್ನು ಮಂಡಳಿಯು ಮುಂದಿನ ಸಭೆಯಲ್ಲಿ ಪರಿಶೀಲಿಸಲಿದೆ ಎಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ. ಇದರ ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಈಗಾಗಲೇ ತಲುಪಿಸಿದ್ದೇನೆ. ಓಹಾಯೋದ ಈ ಊರಿನಲ್ಲಿ ತಮ್ಮ ಶಾಲೆಗಳಿಗೆ ಮಕ್ಕಳನ್ನು ಕಳಿಸುವ ಕನ್ನಡ ಮನೆಗಳು ಸಾಕಷ್ಟಿವೆ. ಮಧ್ಯಾಹ್ನ ಬಸ್ಸು ಬರುವ ಹೊತ್ತಿಗೆ ಬೀದಿಯ ತುದಿಯಲ್ಲಿ ಮೊಮ್ಮಕ್ಕಳಿಗಾಗಿ ಕಾಯುವ ಅಜ್ಜ ಅಜ್ಜಿಯರೂ ಇದನ್ನು ಓದಲಿ ಎಂದು ಕನ್ನಡದಲ್ಲಿಯೂ ಬರೆದಿದ್ದೇನೆ.

ನಾನು ಕ್ರೈಸ್ತ. 1837ರಲ್ಲಿ ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದು ಕಟ್ಟಿದ ಕ್ರೈಸ್ತ ಸಭೆಯಲ್ಲಿ ನಮ್ಮ ಮನೆತನ ಬೆಳೆದಿದೆ. ತಂದೆಯವರು ಸರ್ಕಾರಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು, ಭಾನುವಾರ ಸಂಡೆ ಸ್ಕೂಲ್ ನಡೆಸುತ್ತಿದ್ದರು. ಸರ್ಕಾರದ ಹಣದಿಂದಲೇ ಪೂರ್ತಿಯಾಗಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಎಂದು ಭಾರತ ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಅವರು ಅದನ್ನು ಅಕ್ಷರಶಃ ಪಾಲಿಸಿದರು. ಓಣಿಯ ಬೇರೆ ಮನೆಯ ಹುಡುಗನೊಬ್ಬ ಹಾಡಿನ ಆಸೆಗೆ ಸಂಡೆ ಸ್ಕೂಲಿನ ಬಾಗಿಲಲ್ಲಿ ಬಂದು ನಿಂತರೆ, ಒಳಗೆ ಕರೆಯುವ ಮೊದಲು ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಮನ್ಯಾಗ ಹೇಳಿ ಬಂದೀಯೇನಪಾ?" ಇಲ್ಲ ಎಂದರೆ ಹುಡುಗನ ಜೊತೆ ತಾವೇ ಅವನ ಮನೆಯವರೆಗೆ ನಡೆದು ಹೋಗಿ ಕೇಳಿ ಬರುತ್ತಿದ್ದರು. ತಮ್ಮ ಮುಂದಿರುವ ಅರ್ಜಿಯ ಬಗ್ಗೆ ನನಗೆ ಹೇಳಬೇಕಾಗಿರುವುದೆಲ್ಲ ಆ ಪ್ರಶ್ನೆಗೆ ಸಂಬಂಧಿಸಿದ್ದು.

ಅರ್ಜಿಯನ್ನು ತಿರಸ್ಕರಿಸಿ ಎಂದು ನಾನು ಕೇಳುತ್ತಿಲ್ಲ, ಕಾನೂನು ಅದಕ್ಕೆ ಅವಕಾಶವನ್ನೂ ಕೊಡುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಮಿಲ್‌ಫರ್ಡ್ ಎಂಬ ಚಿಕ್ಕ ಊರಿನ ಶಾಲೆ ಇದೇ ಕ್ಲಬ್ಬಿಗೆ ಬಾಗಿಲು ಮುಚ್ಚಿದಾಗ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹೊರಗಿನ ಸಂಘಗಳಿಗೆ ಕೊಠಡಿ ಕೊಡುವ ಶಾಲೆಯು, ಒಂದು ಸಂಘ ಧಾರ್ಮಿಕ ದೃಷ್ಟಿಯಿಂದ ಮಾತಾಡುತ್ತದೆ ಎಂಬ ಕಾರಣಕ್ಕೆ ಅದನ್ನು ಮಾತ್ರ ಹೊರಗಿಡುವಂತಿಲ್ಲ ಎಂದು 2001ರಲ್ಲಿ ಆರು ನ್ಯಾಯಮೂರ್ತಿಗಳು ತೀರ್ಪಿತ್ತರು, ಮೂವರು ಒಪ್ಪಲಿಲ್ಲ. ಈ ತೀರ್ಪು ನನಗೆ ಕ್ರೈಸ್ತನಾಗಿ ಮಾತ್ರವಲ್ಲ, ಕನ್ನಡಿಗನಾಗಿಯೂ ಬೇಕು. ಶನಿವಾರ ಮಧ್ಯಾಹ್ನ ನಮ್ಮ ಮಕ್ಕಳು ಅ ಆ ಇ ಈ ಕಲಿಯುವುದು ತಮ್ಮ ಮಂಡಳಿಗೆ ಬಾಡಿಗೆ ಕಟ್ಟಿ ಪಡೆದ ಕೊಠಡಿಯಲ್ಲಿ. ಒಬ್ಬರನ್ನು ಹೊರಗಿಡುವ ಆಸೆಗೆ ಎಲ್ಲರಿಗೂ ಬಾಗಿಲು ಹಾಕಿದರೆ ಮೊದಲು ಹೊರಗೆ ನಿಲ್ಲುವವರು ನಮ್ಮಂಥವರೇ.

ಆದರೆ ಆ ತೀರ್ಪು ಯಾವುದರ ಮೇಲೆ ನಿಂತಿದೆ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಚಿಕ್ಕ ಮಕ್ಕಳು ಕ್ಲಬ್ಬನ್ನೇ ಶಾಲೆ ಎಂದು ತಿಳಿದು ಒತ್ತಾಯಕ್ಕೆ ಒಳಗಾಗುವುದಿಲ್ಲವೇ ಎಂಬ ಆಕ್ಷೇಪಕ್ಕೆ, ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಕೊಟ್ಟ ಉತ್ತರವೆಂದರೆ, ಮಗು ಹೋಗಬೇಕೋ ಬೇಡವೋ ಎಂದು ನಿರ್ಧರಿಸುವವರು ತಂದೆತಾಯಿಗಳು, ಅವರ ಒಪ್ಪಿಗೆಯಿಲ್ಲದೆ ಮಗು ಅಲ್ಲಿ ಕೂರುವಂತೆಯೇ ಇರಲಿಲ್ಲ ಎಂಬುದು. ಅಂದರೆ ಇಡೀ ಏರ್ಪಾಡು ನಿಂತಿರುವುದು ಮನೆಯವರು ಸಹಿ ಹಾಕುವ ಒಂದು ಹಾಳೆಯ ಮೇಲೆ. ಆ ಹಾಳೆ ನಮ್ಮಂಥ ಮನೆಗಳಿಗೆ ಹೇಗೆ ಬರುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ಶುಕ್ರವಾರ ಮಗಳ ಚೀಲದಿಂದ ಹೊರಬರುವ ಕಾಗದಗಳ ಕಟ್ಟಿನಲ್ಲಿ ಊಟದ ಹಣದ ಲೆಕ್ಕ, ಲಸಿಕೆಯ ಸೂಚನೆ, ಫುಟ್‌ಬಾಲ್ ಶಿಬಿರದ ಕರಪತ್ರಗಳ ನಡುವೆ ಅದೂ ಇರುತ್ತದೆ. ಶಾಲೆಯಿಂದ ಬಂದ ಕಾಗದ ಎಂದಮೇಲೆ ಸಹಿ ಮಾಡಬೇಕಾದದ್ದೇ ಎಂದು ತಿಳಿಯುವ ತಾಯಂದಿರು ನಮ್ಮಲ್ಲಿ ಬಹಳ. ಹಿಂದೆ ನಾವು ಬೇರೊಂದು ಊರಿನಲ್ಲಿದ್ದಾಗ ನೆರೆಮನೆಯ ಕನ್ನಡದ ಹೆಣ್ಣುಮಗಳೊಬ್ಬರು, ಇದು ಆಟ, ಹಾಡು, ತಿಂಡಿ ಇರುವ ಶಾಲೆಯದೇ ಕಾರ್ಯಕ್ರಮ ಎಂದು ನಂಬಿ ಸಹಿ ಹಾಕಿದ್ದರು. ಆರು ವರ್ಷದ ಮಗ ಮನೆಗೆ ಬಂದು, ದೇವರ ಮನೆಯಲ್ಲಿ ದೀಪ ಹಚ್ಚುತ್ತಿದ್ದ ಅಜ್ಜಿಗೆ ಸ್ವರ್ಗ ಸಿಗುವುದಿಲ್ಲವೇ ಎಂದು ಕೇಳಿದಾಗ ಆಕೆ ನನ್ನ ಮನೆಗೆ ಬಂದರು. ನಾನು ಕ್ರೈಸ್ತನೆಂದು ಗೊತ್ತಿದ್ದೇ ಬಂದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ತಾನೇ ಸಹಿ ಹಾಕಿದೆನಲ್ಲ ಎಂಬ ಸಂಕಟವಿತ್ತು. ಆ ದಿನ ನನಗೆ ತಂದೆಯವರ ನೆನಪಾಯಿತು.

ಈ ಕ್ಲಬ್ಬುಗಳನ್ನು ನಡೆಸುವ ಚೈಲ್ಡ್ ಇವಾಂಜೆಲಿಸಂ ಫೆಲೋಶಿಪ್ 1937ರಷ್ಟು ಹಳೆಯ ಸಂಸ್ಥೆ, ತನ್ನ ಉದ್ದೇಶವನ್ನು ಹೆಸರಿನಲ್ಲೇ ಹೇಳಿಕೊಂಡಿದೆ: ಮಕ್ಕಳಿಗೆ ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಸಾರುವುದು. ಅಕ್ಷರವಿಲ್ಲದ, ಬಣ್ಣದ ಹಾಳೆಗಳಷ್ಟೇ ಇರುವ ಪುಸ್ತಕವನ್ನು ಅವರು ಬಳಸುತ್ತಾರೆ. ಕಪ್ಪು ಪಾಪಕ್ಕೆ, ಕೆಂಪು ಯೇಸುವಿನ ರಕ್ತಕ್ಕೆ, ಬಿಳಿ ಶುದ್ಧವಾದ ಹೃದಯಕ್ಕೆ. ನಾನು ನಂಬುವ ನಂಬಿಕೆಯೂ ಅದೇ. ಅದನ್ನು ಐದು ವರ್ಷದ ಮಗುವಿಗೆ ಕಪ್ಪು ಹಾಳೆಯಿಂದ ಕಲಿಸಬೇಕೇ ಎಂಬುದರಲ್ಲಿ ನನಗೆ ಭಿನ್ನಾಭಿಪ್ರಾಯವಿದೆ, ಆದರೆ ಅದನ್ನು ತೀರ್ಮಾನಿಸುವುದು ಮಂಡಳಿಯ ಕೆಲಸವಲ್ಲ. ತಂದೆತಾಯಿಗಳಿಗೆ ವಿಷಯ ಮುಚ್ಚುಮರೆಯಿಲ್ಲದೆ ತಿಳಿಯುವಂತೆ ನೋಡಿಕೊಳ್ಳುವುದು ಮಂಡಳಿಯ ಕೆಲಸ.

ಆದ್ದರಿಂದ ಹೊರಗಿನ ಎಲ್ಲ ಸಂಘಗಳಿಗೂ, ನಮ್ಮ ಕನ್ನಡ ತರಗತಿಗೂ ಸೇರಿ, ಒಂದೇ ನಿಯಮ ಮಾಡಬೇಕೆಂದು ಕೋರುತ್ತೇನೆ. ಒಪ್ಪಿಗೆ ಪತ್ರದ ಮೊದಲ ಸಾಲಿನಲ್ಲಿಯೇ ಇದು ಶಾಲೆಯ ಕಾರ್ಯಕ್ರಮವಲ್ಲ ಎಂದೂ, ನಡೆಸುವ ಸಂಘ ಯಾವುದು, ಅದು ಏನನ್ನು ಕಲಿಸುತ್ತದೆ ಎಂದೂ ದೊಡ್ಡ ಅಕ್ಷರದಲ್ಲಿ, ಆ ಮನೆಯವರು ಓದಬಲ್ಲ ಭಾಷೆಯಲ್ಲಿ ಇರಬೇಕು. ಕೊನೆಯ ಗಂಟೆ ಬಾರಿಸಿದ ಮರುಕ್ಷಣವೇ, ಮಗು ದಿನವಿಡೀ ಕುಳಿತ ಬೆಂಚಿನಲ್ಲೇ, ಸಂಘದ ಕೆಲಸ ಶುರುವಾಗಬಾರದು. ಮಿಲ್‌ಫರ್ಡ್ ಪ್ರಕರಣದಲ್ಲಿ ಶಾಲೆ ಬಿಡುತ್ತಿದ್ದುದು 2.56ಕ್ಕೆ, ಕ್ಲಬ್ ಆರಂಭವಾಗಬೇಕಿದ್ದುದು 3 ಗಂಟೆಗೆ. ಭಿನ್ನಮತ ಬರೆದ ನ್ಯಾಯಮೂರ್ತಿ ಡೇವಿಡ್ ಸೂಟರ್ ಆ ನಾಲ್ಕು ನಿಮಿಷಗಳ ಅಂತರವನ್ನೇ ಎತ್ತಿ ತೋರಿಸಿದರು. ಸೂಟರ್ ಅವರದು ಸೋತ ಪಕ್ಷ, ನಿಜ. ಆದರೂ ಅರ್ಧ ಗಂಟೆ ಬಿಟ್ಟು, ಬೇರೆ ಕೋಣೆಯಲ್ಲಿ ಆರಂಭಿಸಿ ಎಂದು ಎಲ್ಲರಿಗೂ ಸಮನಾಗಿ ಹೇಳುವುದಕ್ಕೆ ಬಹುಮತದ ತೀರ್ಪು ಅಡ್ಡ ಬರುವುದೆಂದು ನನಗನಿಸುವುದಿಲ್ಲ.

ಶಿಕ್ಷಕರ ವಿಚಾರ ಸ್ವಲ್ಪ ಸೂಕ್ಷ್ಮ. ಶಾಲೆಯ ವೇಳೆ ಮುಗಿದ ಮೇಲೆ ಶಿಕ್ಷಕಿಯೊಬ್ಬರು ಖಾಸಗಿ ವ್ಯಕ್ತಿಯಾಗಿ ಇಂಥ ಕ್ಲಬ್ಬಿನಲ್ಲಿ ಪಾಲ್ಗೊಳ್ಳಬಹುದು ಎಂದು ಸೌತ್ ಡಕೋಟದ ಸೂ ಫಾಲ್ಸ್ ಪ್ರಕರಣದಲ್ಲಿ 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದೆ. ಹಾಗಿದ್ದರೂ, ತರಗತಿಯ ವೇಳೆಯಲ್ಲಿ ಯಾವ ಶಿಕ್ಷಕರೂ ಮಕ್ಕಳನ್ನು ಯಾವುದೇ ಸಂಘಕ್ಕೆ ಆಹ್ವಾನಿಸಬಾರದು, ಸಂಘದ ಸಮಯದಲ್ಲಿ ಶಾಲೆಯ ಗುರುತಿನ ಚೀಟಿಯನ್ನು ಕೊರಳಿನಿಂದ ತೆಗೆದಿಟ್ಟಿರಬೇಕು ಎಂದು ಮಂಡಳಿ ಸೂಚಿಸಬಹುದು. ಬಾಡಿಗೆಯ ದರವೂ ಬರವಣಿಗೆಯಲ್ಲಿ ಇರಲಿ; ಮನಸ್ಸಿಗೆ ಬಂದವರಿಗೆ ಮಾಫಿ ಮಾಡುವ ಅಧಿಕಾರ ಇಟ್ಟುಕೊಂಡ ದಕ್ಷಿಣ ಕೆರೊಲಿನಾದ ಆಂಡರ್ಸನ್‌ನ ಶಾಲಾಡಳಿತ 2006ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಇದೇ ಸಂಸ್ಥೆಯೆದುರು ಸೋತಿದೆ.

ಒಬ್ಬರಿಗೆ ಕೊಟ್ಟದ್ದನ್ನು ಎಲ್ಲರಿಗೂ ಕೊಡಬೇಕಾಗುತ್ತದೆ ಎಂಬುದು ಅರ್ಜಿಯ ಪರವಾಗಿರುವ ನನ್ನ ಕ್ರೈಸ್ತ ಸಭೆಯ ಸ್ನೇಹಿತರಿಗೂ ತಿಳಿದಿರಲಿ. ಗುಡ್ ನ್ಯೂಸ್ ಕ್ಲಬ್ಬಿಗೆ ಎದುರಾಗಿ ಸೈತಾನನ ಹೆಸರಿನ ಕ್ಲಬ್ಬುಗಳು 2016ರಿಂದ ಹುಟ್ಟಿಕೊಂಡಿವೆ. ಆ ಹೆಸರು ಕೇಳಿದರೆ ನನಗೂ ಕಸಿವಿಸಿಯಾಗುತ್ತದೆ. ಆದರೂ ಪೆನ್ಸಿಲ್ವೇನಿಯಾದ ಸಾಕನ್ ವ್ಯಾಲಿ ಶಾಲಾಡಳಿತ ಅವರಿಗೆ ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಂಡು, 2023ರಲ್ಲಿ 2,00,000 ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ಅದು ಮಕ್ಕಳ ಶಾಲೆಯ ಹಣ.

ಶಾಲೆಯ ವೇಳೆಯಲ್ಲೇ ಮಕ್ಕಳನ್ನು ಹೊರಗೆ ಕರೆದೊಯ್ದು ಧರ್ಮಬೋಧನೆ ಮಾಡುವ ವ್ಯವಸ್ಥೆಯ ಬಗ್ಗೆ ಪ್ರತಿ ಶಾಲಾಡಳಿತವೂ ನೀತಿ ರೂಪಿಸಬೇಕೆಂಬ ಕಾನೂನಿಗೆ ನಮ್ಮ ಗವರ್ನರ್ 2025ರ ಜನವರಿಯಲ್ಲಿ ಸಹಿ ಹಾಕಿದ್ದಾರೆ. ಅದು ಬೇರೆಯೇ ಚರ್ಚೆ. ಎರಡನ್ನೂ ಒಂದೇ ನಿರ್ಣಯದಲ್ಲಿ ಬೆರೆಸಬೇಡಿ ಎಂದಷ್ಟೇ ವಿನಂತಿ.

ಸಾರ್ವಜನಿಕರಿಗೆ ಮಾತನಾಡಲು ಮೀಸಲಿಟ್ಟ ಸಮಯದಲ್ಲಿ ಹಾಜರಿದ್ದು ಇದನ್ನೇ ಹೇಳುತ್ತೇನೆ. ಒಪ್ಪಿಗೆ ಪತ್ರದ ಕರಡು ಸಿದ್ಧವಾದರೆ ಅದನ್ನು ಕನ್ನಡಕ್ಕೆ ಮಾಡಿಕೊಡುವ ಹೊಣೆ ನನ್ನದು. ತೆಲುಗು, ತಮಿಳಿಗೆ ಮಾಡಿಕೊಡಲು ಇಬ್ಬರು ನೆರೆಯವರು ಒಪ್ಪಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ತಮ್ಮ ಶಾಲೆಯಲ್ಲಿ ಓದುತ್ತಿರುವ ಇಬ್ಬರು ಮಕ್ಕಳ ತಂದೆ