ಆ 12 ನಿಮಿಷಕ್ಕಾಗಿ

ಕಳೆದ ಭಾನುವಾರ ನಾನು ಮತ್ತೆ ಫುಟ್‌ಬಾಲ್ ಆಡಿದೆ. ಕೊನೆಯ 12 ನಿಮಿಷ ಮಾತ್ರ. ಗೋಲ್ ಹೊಡೆಯಲಿಲ್ಲ. ಪಂದ್ಯವನ್ನೂ ಸೋತೆವು. ಆದರೂ ಮನೆಗೆ ಬಂದ ಮೇಲೆ ಬೂಟು ಬಿಚ್ಚಲು ಮನಸ್ಸೇ ಬರಲಿಲ್ಲ. ಬಾಗಿಲ ಹತ್ತಿರ ಸುಮ್ನೆ ಹಾಗೇ ಕೂತುಬಿಟ್ಟೆ. ಸ್ಟಡ್‌ಗಳ ಸಂದಿಯಲ್ಲಿ ಹುಲ್ಲು, ಹಸಿ ಮಣ್ಣು. ಬೆರಳಿನಿಂದ ಒಂದು ಚೂರು ಕೆರೆದು ಮೂಸಿ ನೋಡಿದೆ. 11 ತಿಂಗಳು ಈ ಬೂಟು ಮಂಚದ ಕೆಳಗೆ ಒಣಗಿ ಬಿದ್ದಿತ್ತು.

ನನ್ನ ಮಂಡಿಯ ಕಥೆ, ತಂಡದ ಗೆಳೆಯರೇ, ನಿಮಗೆಲ್ಲ ಗೊತ್ತು. ಆಪರೇಷನ್, ಊರುಗೋಲು ಎಲ್ಲವನ್ನೂ ಹತ್ತಿರದಿಂದ ನೋಡಿದವರೇ ನೀವು. ಅದನ್ನು ಮತ್ತೆ ಹೇಳುವುದಿಲ್ಲ. ಆದರೆ ಆಗಲೇ ಹೇಳಬೇಕಿದ್ದ ಕೆಲವು ಮಾತುಗಳು ಬಾಯಲ್ಲೇ ಉಳಿದುಹೋಗಿವೆ. ಅವನ್ನು ಎಲ್ಲರ ಎದುರಿಗೇ ಹೇಳಬೇಕು ಅನ್ನಿಸಿತು.

ಬಿದ್ದ ಗಳಿಗೆ ಚೆನ್ನಾಗಿ ನೆನಪಿದೆ. ಯಾರೂ ತಳ್ಳಲಿಲ್ಲ. ಚೆಂಡು ಕಸಿಯಲು ಟ್ಯಾಕಲ್‌ಗೆ ಬಂದ ಎದುರು ತಂಡದ ಹುಡುಗ ನನ್ನನ್ನು ಮುಟ್ಟಲೂ ಇಲ್ಲ. ಚೆಂಡು ಬಂತು, ಬಲಗಾಲು ಊರಿದೆ, ತಿರುಗಿದೆ. ಮೈ ತಿರುಗಿತು, ಪಾದ ನೆಲ ಕಚ್ಚಿಕೊಂಡೇ ಇತ್ತು. ರೆಫರಿ ತಕ್ಷಣ ಸೀಟಿ ಊದಿದರು. ಆಟಗಾರನಿಗೆ ಜೋರು ಪೆಟ್ಟಾಗಿದೆ ಅನ್ನಿಸಿದರೆ ರೆಫರಿ ಆಟ ನಿಲ್ಲಿಸಬೇಕು ಅಂತ ನಿಯಮವೇ ಇದೆ. ಆಮೇಲೆ ನೀವು ಮಾಡಿದ್ದು ಮಾತ್ರ ಯಾವ ನಿಯಮದಲ್ಲೂ ಇಲ್ಲ. ನನ್ನ ಅಳುಮುಖ ಯಾರಿಗೂ ಕಾಣಬಾರದು ಅಂತ ಸುತ್ತ ನಿಂತಿರಿ, ನನ್ನ ಕಡೆ ಬೆನ್ನು ಹಾಕಿ. ಎದುರು ತಂಡದವರೂ ಬಂದು ಸೇರಿಕೊಂಡರು. ನೆಲದಿಂದ ನನಗೆ ಕಂಡದ್ದು ಎರಡು ಬಣ್ಣದ ಸಾಕ್ಸುಗಳು, ಅಷ್ಟೇ.

2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಫಿನ್ಲೆಂಡ್ ವಿರುದ್ಧ ಆಡುತ್ತಿದ್ದ ಕ್ರಿಸ್ಟಿಯನ್ ಎರಿಕ್ಸನ್ ಹೃದಯ ನಿಂತು ಕುಸಿದಾಗ ಡೆನ್ಮಾರ್ಕ್ ತಂಡದವರು ಹೀಗೇ ನಿಂತಿದ್ದರು. ಅದು ಸಾವು ಬದುಕಿನ ಮಾತು, ನನ್ನದು ಒಂದು ಮಂಡಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಆದರೆ ಅವತ್ತು ಟಿವಿಯಲ್ಲಿ ನೋಡುವಾಗ, ಅಷ್ಟು ದೊಡ್ಡ ಆಟಗಾರರಾದ್ದರಿಂದ ಅವರಿಗೆ ಹಾಗೆ ತೋಚಿತು ಅಂದುಕೊಂಡಿದ್ದೆ. ಹಾಗಲ್ಲ ಅಂತ ಈಗ ಗೊತ್ತಾಗಿದೆ. ಅವತ್ತು ಮೈದಾನದಲ್ಲೇ ಎರಿಕ್ಸನ್ ಸಂಗಾತಿಯನ್ನು ತಬ್ಬಿ ಸಮಾಧಾನ ಮಾಡಿದವರು ಕ್ಯಾಪ್ಟನ್ ಸಿಮೊನ್ ಕಿಯರ್ ಮತ್ತು ಗೋಲ್‌ಕೀಪರ್ ಕ್ಯಾಸ್ಪರ್ ಸ್ಮೈಕೆಲ್. ನಮ್ಮಲ್ಲೂ ನನ್ನ ಮನೆಗೆ ಫೋನ್ ಮಾಡಿ, ಗಾಬರಿಯಾಗದ ಹಾಗೆ ವಿಷಯ ತಿಳಿಸಿದ್ದು ಗೋಲ್‌ಕೀಪರೇ. ಅವನ ವಿಷಯಕ್ಕೆ ಬರುತ್ತೇನೆ.

ಅದಕ್ಕೂ ಮೊದಲು: ನನ್ನನ್ನು ಎತ್ತಿಕೊಂಡು ಕಾರಿನ ತನಕ ತಂದ ಇಬ್ಬರು ಸೆಂಟರ್ ಬ್ಯಾಕ್‌ಗಳು, ಪ್ರತಿ ವಾರದ ಪಟ್ಟಿಯಲ್ಲೂ ಕೊನೆಗೆ ನನ್ನ ಹೆಸರು ಸೇರಿಸುತ್ತಲೇ ಇದ್ದ ಕ್ಯಾಪ್ಟನ್, ಕೆಲಸ ಬಿಟ್ಟು ಫಿಸಿಯೋ ಹತ್ತಿರ ಕರೆದುಕೊಂಡು ಹೋಗುತ್ತಿದ್ದ ಲೆಫ್ಟ್ ವಿಂಗರ್, ತನ್ನದೇನೂ ತಪ್ಪಿಲ್ಲದಿದ್ದರೂ ಎರಡು ಸಲ ನೋಡಲು ಬಂದ ಎದುರು ತಂಡದ ಆ ಹುಡುಗ, ಅದೇ ವ್ಯಾಯಾಮವನ್ನು ನೂರಾರು ಸಲ ಬೇಸರವಿಲ್ಲದೆ ಎಣಿಸಿದ ಫಿಸಿಯೋ, ನಿಮಗೆಲ್ಲ ಮನಸಾರೆ ಥ್ಯಾಂಕ್ಸ್. ಮನೆಯವರಿಗೆ ಎದುರಿಗೇ ಹೇಳಿದ್ದೇನೆ. ಅದು ಇಲ್ಲಿ ಬರೆಯುವ ಮಾತಲ್ಲ.

ಇನ್ನು ನಮ್ಮ ಗೋಲ್‌ಕೀಪರ್. ಹೆಸರು ಹಾಕಬೇಡ ಅಂದಿದ್ದಾನೆ, ಹಾಕುವುದಿಲ್ಲ.

ಅವನ ಜೊತೆ ಐದು ವರ್ಷದಿಂದ ಆಡುತ್ತಿದ್ದೇನೆ. ಮೊದಲ ಎರಡು ವರ್ಷ ಅವನು ಏನು ಕೆಲಸ ಮಾಡುತ್ತಾನೆ ಅಂತಲೂ ನನಗೆ ಗೊತ್ತಿರಲಿಲ್ಲ. ಕೇಳಬೇಕು ಅಂತ ಅನ್ನಿಸಿರಲೇ ಇಲ್ಲ. ಗೊತ್ತಿದ್ದದ್ದು ಬೇರೆ. ಗೋಲ್ ಕಿಕ್ ಹೊಡೆಯುವ ಮೊದಲು ಎಡಗೈ ಗ್ಲೌಸಿನ ಪಟ್ಟಿಯನ್ನು ಒಮ್ಮೆ ಬಿಚ್ಚಿ ಮತ್ತೆ ಬಿಗಿಯುತ್ತಾನೆ. ಗೋಲ್ ಬಿಟ್ಟುಕೊಟ್ಟರೆ ಯಾರನ್ನೂ ನೋಡುವುದಿಲ್ಲ, ನೇರ ಹೋಗಿ ಬಲೆಯಿಂದ ಚೆಂಡು ತೆಗೆದು ತಾನೇ ಸೆಂಟರಿಗೆ ಒದೆಯುತ್ತಾನೆ. ಕಾರ್ನರ್ ಬಂದಾಗ ಅವನು ‘ನಂದು’ ಅಂದರೆ ಅದು ಅವನದೇ, ‘ಬಿಡು’ ಅಂದರೆ ಬಿಡಬೇಕು. ನನ್ನ ವಿಷಯದಲ್ಲೂ ಅವನಿಗೆ ಹೀಗೇ ಗೊತ್ತಿತ್ತು. ನಾನು ಬಲ ಹೆಗಲ ಮೇಲಿಂದ ಮಾತ್ರ ಹಿಂದೆ ನೋಡುತ್ತೇನೆ, ಎಡಗಡೆ ಮರೆತುಬಿಡುತ್ತೇನೆ. ಅದನ್ನು ನನಗೆ ಹೇಳಿದ್ದು ಅವನೇ. ಅವತ್ತಿನಿಂದ ನನ್ನ ಎಡಗಡೆಯನ್ನು ಅವನು ನೋಡಿಕೊಂಡ.

ಆಪರೇಷನ್ ಆಗಿ ನಾಲ್ಕನೇ ರಾತ್ರಿ. ಮನೆಯವರು ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಒಂಬತ್ತು ಗಂಟೆಗೆ ಸುಮ್ನೆ ನೋಡಿಕೊಂಡು ಹೋಗಲು ಬಂದವನು ಅವರ ಮುಖ ನೋಡಿ, ‘ನೀವು ಮಲಗಿ, ನಾನಿರ್ತೀನಿ’ ಅಂದ. ಎರಡು ಗಂಟೆ ಹೊತ್ತಿಗೆ ನೋವು ಜಾಸ್ತಿಯಾಯಿತು. ನೋವನ್ನಾದರೂ ತಡೆಯಬಹುದಿತ್ತು. ಅದರ ಜೊತೆ ಬಂದ ಭಯವನ್ನು ತಡೆಯಲು ಆಗಲಿಲ್ಲ. ಇನ್ನು ಆಡುವುದಿಲ್ಲ, ಮುಗಿಯಿತು ಅಂತ ಅವತ್ತು ನನಗೆ ಖಾತ್ರಿಯಾಗಿಬಿಟ್ಟಿತು. ಇದರಿಂದ ನನಗೆ ಸಂಬಳ ಬರುತ್ತಿರಲಿಲ್ಲ, ಹೆಸರೂ ಬರುತ್ತಿರಲಿಲ್ಲ. ವಾರಕ್ಕೆ ಒಂದೂವರೆ ಗಂಟೆ ಚೆಂಡಿನ ಹಿಂದೆ ಓಡುವುದು, ಅಷ್ಟೇ ಅಲ್ವಾ? ಆದರೂ ಹೊಟ್ಟೆಯೊಳಗಿಂದ ಅಳು ಬಂತು. ಬಾಯಿಗೆ ದಿಂಬು ಒತ್ತಿಕೊಂಡೆ. ಅವನಿಗೆ ಬೈದೆ ಕೂಡ. ‘ನಿನಗೇನು, ಭಾನುವಾರ ಹೋಗಿ ಆಡ್ತೀಯ. ನಿನಗೇನು ಗೊತ್ತಾಗುತ್ತೆ?’ ಅಂದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಕ್ಷಮಿಸು ಅಂತ ಬಾಯಿಬಿಟ್ಟು ಕೇಳಿರಲಿಲ್ಲ. ಇಲ್ಲಿ ಕೇಳುತ್ತಿದ್ದೇನೆ.

ಅವನು ಉತ್ತರ ಕೊಡಲಿಲ್ಲ. ಎದ್ದು ಹೋಗಿ ಮೂಲೆಯಲ್ಲಿದ್ದ ನನ್ನ ಹಳೇ ಚೆಂಡು ತಂದ. ಗೋಡೆಗೆ ಒರಗಿ ನೆಲದ ಮೇಲೆ ಕೂತ. ನನ್ನ ಬಲಗಾಲು ದಿಂಬಿನ ಮೇಲಿತ್ತು, ಎಡಗಾಲು ಮಂಚದಿಂದ ಕೆಳಗೆ ಇಳಿಬಿದ್ದಿತ್ತು. ಆ ಎಡಗಾಲಿಗೆ ಕೈಯಿಂದ ಮೆಲ್ಲಗೆ ಚೆಂಡು ಉರುಳಿಸಿದ. ನಾನು ಅಂಗಾಲಿನಿಂದ ತಡೆದು ವಾಪಸ್ ತಳ್ಳಿದೆ. ಮತ್ತೆ ಉರುಳಿಸಿದ. ಚೆಂಡಿನ ಒಂದು ಕಡೆ ಹೊರಪದರ ಎದ್ದಿತ್ತು. ಸುತ್ತು ಸುತ್ತಿಗೂ ಅದು ನೆಲಕ್ಕೆ ತಾಗಿ ಚಟ್ ಅನ್ನುತ್ತಿತ್ತು. ನನ್ನ ಕಡೆ ಬರುವಾಗ ಮೂರು ಸಲ ಚಟ್, ಹೋಗುವಾಗ ಮೂರು ಸಲ. ಎಷ್ಟು ಹೊತ್ತು ಹಾಗೆ ಆಡಿದೆವೋ ಗೊತ್ತಿಲ್ಲ. ಎಣಿಸುತ್ತಾ ಎಣಿಸುತ್ತಾ ನನ್ನ ಉಸಿರು ಹತೋಟಿಗೆ ಬಂತು.

ತುಂಬಾ ಹೊತ್ತಾದ ಮೇಲೆ ಅವನು ಒಂದು ಹಳೇ ಪಂದ್ಯದ ಮಾತು ತೆಗೆದ. ನಾನು ತಂಡಕ್ಕೆ ಬರುವ ಮುಂಚಿನದು. ಸುಲಭದ ಚೆಂಡು ಅವನ ಎರಡೂ ಕೈ ನಡುವಿನಿಂದ ಜಾರಿ ಒಳಗೆ ಹೋಗಿ ಫೈನಲ್ ಸೋತಿದ್ದರು. ಆಮೇಲೆ ನಾಲ್ಕು ತಿಂಗಳು ಅವನು ಮೈದಾನದ ಕಡೆ ತಲೆ ಹಾಕಲಿಲ್ಲವಂತೆ. ‘ಯಾರೂ ಬೈಲಿಲ್ಲ ಕಣೋ. ಬೈದಿದ್ರೆ ಬೇಗ ವಾಪಸ್ ಬರ್ತಿದ್ದೆ’ ಅಂದ. ಇದನ್ನು ಬರೆಯಲು ಅವನ ಒಪ್ಪಿಗೆ ಕೇಳಿದ್ದೇನೆ. ಬೆಳಕು ಹರಿಯುವ ಹೊತ್ತಿಗೆ ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಒಂದೇ ಮಾತು ಹೇಳಿದ: ‘ಟೈಮ್ ಇದೆ ಮಗಾ.’

ಆಡುವವರಿಗೆ ಈ ಮಾತಿನ ಅರ್ಥ ಗೊತ್ತು. ಆಡದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಚೆಂಡು ನಿಮ್ಮ ಕಾಲಿಗೆ ಬರುವಾಗ ನಿಮ್ಮ ಕಣ್ಣು ಚೆಂಡಿನ ಮೇಲಿರುತ್ತದೆ. ಬೆನ್ನ ಹಿಂದೆ ಯಾರಿದ್ದಾರೆ ಅಂತ ಕಾಣುವುದಿಲ್ಲ. ಆಗ ಜೊತೆಯವರು ಕೂಗುತ್ತಾರೆ. ‘ಮ್ಯಾನ್ ಆನ್’ ಅಂದರೆ ಎದುರಾಳಿ ಬೆನ್ನಿಗೇ ಇದ್ದಾನೆ, ಬೇಗ ಯಾರಿಗಾದರೂ ಕೊಟ್ಟುಬಿಡು. ‘ಟೈಮ್’ ಅಂದರೆ ಹತ್ತಿರ ಯಾರೂ ಇಲ್ಲ, ಆರಾಮಾಗಿ ತಿರುಗು. ಮೈದಾನ ಪೂರ್ತಿ ಕಣ್ಣೆದುರಿಗೆ ಇರುವುದು ಗೋಲ್‌ಕೀಪರಿಗೆ. ಅವನ ದನಿ ನಂಬಿ ನೀವು ತಿರುಗುತ್ತೀರಿ. ಆ ಅರ್ಧ ಸೆಕೆಂಡು ನಿಮ್ಮ ಕಾಲು ನಿಮ್ಮ ಕಣ್ಣಿನ ಕಾವಲಲ್ಲಿ ಇರುವುದಿಲ್ಲ, ಅವನ ಕಣ್ಣಿನ ಕಾವಲಲ್ಲಿ ಇರುತ್ತದೆ. ಒಂದು ಪಂದ್ಯದಲ್ಲಿ ಎಷ್ಟು ಸಲ ಹೀಗಾಗುತ್ತದೋ ಲೆಕ್ಕವಿಲ್ಲ. ಐದು ವರ್ಷ ಹೀಗೆ ಆಡಿದ ಮೇಲೆ, ಕೆಲಸ ಏನು ಅಂತ ಗೊತ್ತಿಲ್ಲದಿದ್ದರೂ ಆ ಮನುಷ್ಯ ನಿಮಗೆ ಗೊತ್ತಿರುತ್ತಾನೆ. ಫುಟ್‌ಬಾಲ್ ಗೆಳೆತನ ನನಗೆ ಅರ್ಥವಾದದ್ದು ಇಷ್ಟೇ, ಮತ್ತು ಇಷ್ಟೇ ನನಗೆ ಬೇಕಾದಷ್ಟು.

ಮಲಗಿದ್ದ ತಿಂಗಳುಗಳಲ್ಲಿ ಓದಲು ಸಮಯ ಜಾಸ್ತಿ ಸಿಕ್ಕಿತು. ಇವತ್ತಿಗೂ ಇರುವ ಫುಟ್‌ಬಾಲ್ ಕ್ಲಬ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದು ಇಂಗ್ಲೆಂಡಿನ ಶೆಫೀಲ್ಡ್ ಎಫ್‌ಸಿ. 1857ರಲ್ಲಿ ಶುರುವಾದದ್ದು. ಆಗ ಎದುರಿಗೆ ಆಡಲು ಬೇರೆ ಕ್ಲಬ್‌ಗಳೇ ಇರಲಿಲ್ಲ. ಅದಕ್ಕೆ ಅವರು ತಮ್ಮೊಳಗೇ ಎರಡು ಪಾಲಾಗಿ ಆಡುತ್ತಿದ್ದರು, ಮದುವೆಯಾದವರು ಒಂದು ಕಡೆ, ಆಗದವರು ಇನ್ನೊಂದು ಕಡೆ. ಇದನ್ನು ಓದಿ ಕಣ್ಣು ತುಂಬಿ ಬಂತು. ಎದುರು ತಂಡ ಬಾರದ ದಿನ ನಾವು ಮಾಡುವುದೂ ಇದನ್ನೇ ಅಲ್ವಾ? ಕಪ್ ಇಲ್ಲ, ನೋಡುವವರಿಲ್ಲ. ಆದರೂ ನಾವು ನಾವೇ ಹಂಚಿಕೊಂಡು, ಅರ್ಧ ಜನ ಅಂಗಿ ಬದಲಾಯಿಸಿ, ಪ್ರಾಣ ಹೋಗುವ ಹಾಗೆ ಓಡುತ್ತೇವೆ. ಮುಗಿದ ಮೇಲೆ ಅದೇ ಹುಲ್ಲಿನ ಮೇಲೆ ಒಟ್ಟಿಗೆ ಉರುಳಿಕೊಳ್ಳುತ್ತೇವೆ. ಒಂದು ಕಡೆ 7 ಜನರಿಗಿಂತ ಕಡಿಮೆ ಇದ್ದರೆ ಪಂದ್ಯ ಶುರು ಮಾಡುವ ಹಾಗಿಲ್ಲ ಅಂತ ನಿಯಮ. ನಾನಿಲ್ಲದೆ ಆ ಲೆಕ್ಕ ತುಂಬದ ಬೆಳಗ್ಗೆಗಳಲ್ಲಿ, ಜ್ವರ ಬಿಟ್ಟು ಎರಡೇ ದಿನವಾಗಿದ್ದ ನಮ್ಮ ಹಿರಿಯ ಸ್ಟ್ರೈಕರ್ ಅಣ್ಣ ಏಳನೆಯವನಾಗಿ ಬಂದು ನಿಂತದ್ದು ನನಗೆ ಗೊತ್ತಿದೆ ಅಣ್ಣ. ಯಾರೂ ಹೇಳುವುದಿಲ್ಲ ಅಂದುಕೊಂಡಿದ್ದಿರಿ, ಹೇಳಿದರು.

ಈಗ ಆ 12 ನಿಮಿಷ.

ಕ್ಯಾಪ್ಟನ್ ನನ್ನ ಕಡೆ ನೋಡಿ ತಲೆ ಆಡಿಸಿದಾಗ ಲೇಸು ಕಟ್ಟಿದ್ದನ್ನು ಮತ್ತೆ ಕಟ್ಟಿದೆ. ಕೈ ನಡುಗುತ್ತಿತ್ತು. ಎರಿಕ್ಸನ್ 2022ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಕ್ಲಬ್ ಪರವಾಗಿ ಬದಲಿ ಆಟಗಾರನಾಗಿ ಮತ್ತೆ ಮೈದಾನಕ್ಕೆ ಕಾಲಿಟ್ಟಾಗ ಕ್ರೀಡಾಂಗಣ ಪೂರ್ತಿ ಎದ್ದು ನಿಂತಿತ್ತು. ಆ ವಿಡಿಯೋವನ್ನು ಎಷ್ಟು ಸಲ ನೋಡಿದ್ದೇನೋ. ನನಗಾಗಿ ಎದ್ದು ನಿಂತವರು ಬೆಂಚಿನ ಮೇಲಿದ್ದ ನಾಲ್ವರು. ನನಗೆ ಅದು ಸಾಕಾಗಿ ಮಿಕ್ಕಿತು.

ಮೊದಲು ಸಿಕ್ಕ ಚೆಂಡನ್ನು ಹಿಂದಕ್ಕೆ ಗೋಲ್‌ಕೀಪರಿಗೆ ಕೊಟ್ಟೆ. ಎರಡನೆಯದನ್ನೂ ಹಿಂದಕ್ಕೇ ಕೊಟ್ಟೆ. 1992ರಲ್ಲಿ ನಿಯಮ ಬದಲಾದ ಮೇಲೆ, ನಮ್ಮವರು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಿಂದ ಮುಟ್ಟುವ ಹಾಗಿಲ್ಲ, ಕಾಲಿನಲ್ಲೇ ಆಡಬೇಕು. ಉಬ್ಬು ತಗ್ಗಿನ ನಮ್ಮ ಮೈದಾನದಲ್ಲಿ ಬ್ಯಾಕ್ ಪಾಸ್ ಅಂದರೆ ನನ್ನ ಕಷ್ಟವನ್ನು ಅವನ ಕಾಲಿಗೆ ದಾಟಿಸಿದ ಹಾಗೆ. ಅವನು ಒಮ್ಮೆಯೂ ಬೇಡ ಅನ್ನಲಿಲ್ಲ. ಎರಡು ಸಲವೂ ಓಡಿ ಬರುತ್ತಿದ್ದ ಸ್ಟ್ರೈಕರಿನ ಎದುರೇ ಚೆಂಡು ತಡೆದು, ದೂರ ಒದ್ದ.

ಮೂರನೆಯ ಸಲ ಥ್ರೋ ಇನ್ ನನ್ನ ಕಡೆ ಬಂತು. ಎದುರಿನ ಗೋಲಿಗೆ ನನ್ನ ಬೆನ್ನು, ಕಣ್ಣೆದುರಿಗೆ ನಮ್ಮ ಗೋಲ್ ಮತ್ತು ಅವನು. 11 ತಿಂಗಳ ಹಿಂದೆಯೂ ಹೀಗೇ ಇತ್ತು, ಅದೇ ಬಲಗಾಲು. ಮತ್ತೆ ಅವನಿಗೇ ಕೊಡೋಣ ಅಂತ ಕಾಲು ಸಿದ್ಧವಾಗಿತ್ತು. ಅವನು ಕೈ ಅಡ್ಡ ಮಾಡಿದ. ಬೇಡ ಅಂತ.

‘ಟೈಮ್ ಇದೆ! ಟೈಮ್ ಇದೆ, ತಿರುಗು!’

ತಿರುಗಿದೆ.