ಮನೆಗೆ ಸ್ಮಾರ್ಟ್ ಪ್ಲಗ್ ಹಾಕುವವರಿಗೆ

ಎಲ್ಲರಿಗೂ ನಮಸ್ಕಾರ. ಈ ರಾಯಚೂರು ಬಿಸಿಲಲ್ಲಿ ಮನೆ ಸೇರುವ ಮೊದಲೇ ಫೋನಿನಿಂದ ಕೂಲರ್ ಆನ್ ಮಾಡುವುದು ಹೇಗೆ ಅಂತ ಸುಮಾರು ಜನ ಕೇಳಿದ್ದೀರಿ. ಮೊದಲು ಒಂದೇ ಒಂದು ಸ್ಮಾರ್ಟ್ ಪ್ಲಗ್ (ಗೋಡೆಯ ಸಾಕೆಟ್‌ಗೆ ಸಿಕ್ಕಿಸಿ, ವೈಫೈ ಮೂಲಕ ಫೋನಿನಿಂದ ಆನ್-ಆಫ್ ಮಾಡುವ ಪ್ಲಗ್) ತಗೊಳ್ಳಿ, ಸಾಕು. ಗೀಸರ್‌ಗಾದರೆ 16 ಆಂಪ್‌ದೇ ಬೇಕು. ಹೆಚ್ಚಿನ ಪ್ಲಗ್‌ಗಳು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಪ್ಲಗ್ ಸೇರಿಸುವಾಗ ಆ್ಯಪ್ ಸುಮ್ನೆ ತಿರುಗುತ್ತಲೇ ಇದ್ದರೆ ರೂಟರ್‌ನಲ್ಲಿ 2.4 ಆನ್ ಇದೆಯಾ ಅಂತ ಮೊದಲು ನೋಡಿ.

ಕರೆಂಟ್ ಹೋಗಿ ಬರುತ್ತಿರುತ್ತೆ ಅಲ್ವಾ? ಬಂದಾಗ ಪ್ಲಗ್ ಆಫ್ ಆಗಿಯೇ ಇರುವಂತೆ ಆ್ಯಪ್‌ನಲ್ಲಿ ಸೆಟ್ ಮಾಡಿ. ನಮ್ಮನೆಯಲ್ಲಿ ಇದನ್ನು ಮಾಡಿರಲಿಲ್ಲ. ನೀರಿಲ್ಲದೆ ಮಧ್ಯಾಹ್ನವೆಲ್ಲ ಓಡಿ ಕೂಲರ್ ಪಂಪ್ ಸುಟ್ಟುಹೋಯಿತು.

ಸ್ವಿಚ್ ಬೋರ್ಡ್ ಒಳಗೆ ರಿಲೇ (ಫೋನಿನಿಂದ ನಡೆಸುವ ಪುಟ್ಟ ಸ್ವಿಚ್) ಕೂರಿಸಲು ಈಗಲೇ ಕೈ ಹಾಕಬೇಡಿ. ಹಳೆ ಮನೆಗಳಲ್ಲಿ ಎಷ್ಟೋ ಬೋರ್ಡ್‌ಗಳಿಗೆ, ಹೆಚ್ಚಿನ ರಿಲೇಗಳಿಗೆ ಬೇಕಾಗುವ ನ್ಯೂಟ್ರಲ್ ವೈರ್ (ಕರೆಂಟ್ ವಾಪಸ್ ಹೋಗುವ ತಂತಿ) ಬಂದಿರುವುದೇ ಇಲ್ಲ. ಆ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಅವರನ್ನೇ ಕರೆಸಿ.